ಬಂಡಪಲ್ಲಿ ಸ್ಟೇಷನ್ನಿನ ನಾಲ್ಕು ಗಂಟೆ

ಒಂಬತ್ತನೆಯ ಕಂತು

ಗೋಡೆಯ ಮೇಲಿನ ಟೆಲಿಫೋನ್ ಟಕ್ ಟಕ್ ಎನ್ನತೊಡಗಿದಾಗ ಕೃಷ್ಣಮೂರ್ತಿ ಮಾಸ್ತರು ರಸಪುರಿ ಹಣ್ಣೊಂದನ್ನು ಹಿಸುಕುತ್ತ ಕೂತಿದ್ದರು. ಅವರು ಏಳಲಿಲ್ಲ.

ನಾನು ಗಡಿಯಾರ ನೋಡಿದೆ. ನಾಲ್ಕಕ್ಕೆ ಎರಡು ನಿಮಿಷವಿತ್ತು.

ಅದು ಟೈಮ್ ಕೊಡುವ ಸದ್ದು. ದಿನವೂ ಸಾಯಂಕಾಲ ನಾಲ್ಕಕ್ಕೆ ಮೇಲಿನ ಆಫೀಸಿನಿಂದ ರೈಲ್ವೆ ಲೈನಿನ ಅಷ್ಟೂ ಸ್ಟೇಷನ್ನುಗಳಿಗೆ ಒಂದೇ ಸಲ ಟೈಮ್ ಬರುತ್ತದೆ. ಸ್ಟೇಷನ್ ಮಾಸ್ತರಾದವರು ಆಗ ಫೋನ್ ಕಿವಿಗಿಟ್ಟುಕೊಂಡು ಕೇಳಬೇಕು, ಸ್ಟೂಲ್ ಹತ್ತಿ ಗೋಡೆ ಗಡಿಯಾರದ ಮುಳ್ಳು ಸರಿಮಾಡಬೇಕು, ಇಳಿದು ಗಡಿಯಾರದ ಪುಸ್ತಕದಲ್ಲಿ ಒಂದು ಸಾಲು ಬರೆದು ಸಹಿ ಹಾಕಬೇಕು. ಎರಡು ದಿನದಿಂದ ಈ ಕ್ರಮ ನನಗೆ ಬಾಯಿಪಾಠವಾಗಿತ್ತು. ಅಂಥ ಒಂದು ಸಾಲನ್ನು ನಂಬಿಯೇ ನಾನು ಒಬ್ಬ ಮನುಷ್ಯನ ಕೈಗೆ ಕೋಳ ಹಾಕಿದ್ದೆ.

ಫೋನ್ ತನ್ನಷ್ಟಕ್ಕೆ ಬಡಿದುಕೊಂಡು ಸುಮ್ಮನಾಯಿತು. ಮಾಸ್ತರು ಹಣ್ಣಿನ ವಾಟೆಯನ್ನು ಚೀಪಿ ಕಿಟಕಿಯಿಂದಾಚೆ ಎಸೆದರು.

ಟೈಮ್ ತೆಗೆದುಕೊಳ್ಳಲಿಲ್ಲವಲ್ಲ ಎಂದು ಕೇಳಿದೆ. ಅವರು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ, ಇವತ್ತಿನದು ಬರೆದಾಗಿದೆ ಎಂದರು. ಹೇಳಿಯಾದ ಮೇಲೆ ಅವರ ಕೈ ಟವೆಲಿನಲ್ಲೇ ನಿಂತುಬಿಟ್ಟಿತು.

"ಯಾವಾಗ ಬರೆದ್ರಿ ಮಾಸ್ಟ್ರೇ?"

ಅವರ ಕಣ್ಣು ಮೇಜಿನ ಮೇಲಿನ ಗಡಿಯಾರದ ಪುಸ್ತಕಕ್ಕೆ ಹೋಯಿತು. ನಾನು ಎದ್ದೆ. ನನ್ನ ಬಲ ಮೊಣಕಾಲು ಈಗ ನಾಲ್ಕು ವರ್ಷದಿಂದ ನನ್ನ ಮಾತು ಕೇಳುವುದಿಲ್ಲ. ಮೇಜಿನವರೆಗಿನ ಆರು ಹೆಜ್ಜೆಗೆ ಎರಡು ಸಲ ಕುರ್ಚಿ ಹಿಡಿದುಕೊಂಡೆ. ರೈಲ್ವೆ ಪೊಲೀಸಿನಲ್ಲಿ ಸಬ್ ಇನ್ಸ್‌ಪೆಕ್ಟರಾಗಿ ರಿಟೈರಾಗಲು ಇನ್ನು ಐದು ತಿಂಗಳಿರುವ ಕೋದಂಡರಾಮಪ್ಪ ಎಂಬ ನಾನು ಯಾರನ್ನೂ ಅಟ್ಟಿಸಿಕೊಂಡು ಹೋಗಲಾರೆ. ಕೂತು ನೋಡುವುದೊಂದು ಬರುತ್ತದೆ. ಅದನ್ನೂ ಈ ಸಲ ಸರಿಯಾಗಿ ಮಾಡಿರಲಿಲ್ಲವೆಂದು ಪುಸ್ತಕ ತೆರೆದ ಕೂಡಲೇ ಗೊತ್ತಾಯಿತು.

ಮೊನ್ನೆ ಮಂಗಳವಾರ, ಮೇ ಮೂವತ್ತೊಂದರಂದು, ಇಲ್ಲಿನ ಮಾಸ್ತರ್ ಸೀತಾರಾಮಯ್ಯನವರು ಸಿಗ್ನಲ್ ದೀಪಗಳ ಕೋಣೆಯಲ್ಲಿ ತಲೆಯೊಡೆದು ಸತ್ತಿದ್ದರು. ಪಕ್ಕದಲ್ಲಿ ಬಿದ್ದಿದ್ದ ದೊಡ್ಡ ಸ್ಪ್ಯಾನರು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಮುನಿಯಲ್ಲಪ್ಪನದು. ಡ್ಯೂಟಿಯಲ್ಲಿ ನಿದ್ದೆ ಮಾಡಿದನೆಂದು ಮಾಸ್ತರು ಹದಿನೈದು ದಿನದ ಹಿಂದೆ ಅವನ ಮೇಲೆ ದೂರು ಬರೆದು ಕಳಿಸಿದ್ದರು.

ಆವತ್ತು ಮಧ್ಯಾಹ್ನ ಮೂರೂ ಐದಕ್ಕೆ ಗಾಡಿ ಹೋದ ಮೇಲೆ ಯಲ್ದೂರಿನ ಎತ್ತಿನ ಗಾಡಿಯವರು ಎಂಟು ಜನ ವ್ಯಾಗನ್ನಿಗೆ ಮಾವಿನ ಬುಟ್ಟಿ ತುಂಬಿದರು. ಅಷ್ಟು ಹೊತ್ತೂ ಮುನಿಯಲ್ಲಪ್ಪ ಅವರ ಕಣ್ಣೆದುರಿಗೇ ಇದ್ದ. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಅವರು ಹೊರಟುಹೋದರು. ಐದೂ ನಲವತ್ತರ ಗಾಡಿಯ ಗಾರ್ಡು ಹೆಣ ನೋಡುವವರೆಗೆ ಸ್ಟೇಷನ್ನಿನಲ್ಲಿ ಅವನೊಬ್ಬನೇ.

ಗಡಿಯಾರದ ಪುಸ್ತಕದಲ್ಲಿ ಸತ್ತವರ ಕೈಬರಹದಲ್ಲಿ ಹೀಗಿತ್ತು: 'ಮೇ 31. ನಾಲ್ಕು ಗಂಟೆಯ ಟೈಮ್ ಬಂತು. ಗಡಿಯಾರ ಒಂದು ನಿಮಿಷ ಹಿಂದೆ ಇತ್ತು. ಸರಿಪಡಿಸಲಾಯಿತು.' ನಾಲ್ಕು ಗಂಟೆಗೆ ಮಾಸ್ತರು ಬದುಕಿದ್ದರು, ಆಮೇಲೆ ಇದ್ದವನು ಮುನಿಯಲ್ಲಪ್ಪ ಮಾತ್ರ. ಇನ್ನೇನು ಬೇಕು ಎಂದುಕೊಂಡೆ.

ಪುಸ್ತಕ ದಿನವೂ ಬೇಕಾದದ್ದೆಂದು ಆ ಸಾಲಿನ ನಕಲು ಮಾಡಿಕೊಂಡು ಪುಸ್ತಕವನ್ನು ಇಲ್ಲೇ ಬಿಟ್ಟಿದ್ದೆವು. ಮೇ ಮೂವತ್ತೊಂದು ಆ ಪುಟದ ಕೊನೆಯ ಸಾಲು. ನಾನಾಗಲಿ, ಸಾಕ್ಷಿಗೆ ಕರೆಸಿದ್ದ ಪಂಚರಾಗಲಿ, ಯಾರೂ ಹಾಳೆ ತಿರುವಿರಲಿಲ್ಲ.

ಈಗ ತಿರುವಿದೆ. ಜೂನ್ ಒಂದು: ಟೈಮ್ ಬಂತು, ಗಡಿಯಾರ ಸರಿಯಿತ್ತು. ಜೂನ್ ಎರಡು: ಒಂದು ನಿಮಿಷ ಹಿಂದೆ, ಸರಿಪಡಿಸಲಾಯಿತು. ಜೂನ್ ಮೂರು: ಸರಿಯಿತ್ತು. ಮೂರರ ಕೆಳಗೂ ಸೀತಾರಾಮಯ್ಯನವರ ಸಹಿ, ಅದೇ ನೇರಳೆ ಮಸಿ, ಅದೇ ಗುಂಡನೆಯ ಅಕ್ಷರ. ಇವತ್ತು ಜೂನ್ ಎರಡು. ನಿನ್ನೆ ಬೆಳಗ್ಗೆ ಆ ಮನುಷ್ಯನ ಚಿತೆ ಉರಿದಾಗಿತ್ತು.

ನನಗೆ ನಾಚಿಕೆಯಾಯಿತು. ಮೂವತ್ತೆರಡು ವರ್ಷದ ನೌಕರಿಯಲ್ಲಿ ಇಷ್ಟು ನಾಚಿಕೆ ಎರಡೋ ಮೂರೋ ಸಲ ಆಗಿರಬಹುದು.

ಕೃಷ್ಣಮೂರ್ತಿಗಳು ಮುಂದಿನ ಸ್ಟೇಷನ್ ಎರ್ರಕುಂಟೆಯ ಮಾಸ್ತರು. ನಿನ್ನೆಯಿಂದ ಬದಲಿಗೆ ಇಲ್ಲಿಗೆ ಬಂದಿದ್ದರು. ಸಣ್ಣ ಆಳು, ಕಿವಿಯಲ್ಲಿ ಹತ್ತಿ, ಷರಟಿನ ಜೇಬಿನಲ್ಲಿ ಎರಡು ಪೆನ್ನು. ನೀವು ಈ ಪುಟ ನಿನ್ನೆಯೇ ನೋಡಿದ್ದಿರಿ ತಾನೆ ಎಂದೆ. ತಲೆಯಾಡಿಸಿದರು. ನೋಡಿಯೂ ಯಾಕೆ ಬಾಯಿ ಬಿಡಲಿಲ್ಲ ಎಂದೆ. ಅವರು ಮೊದಲು ಬಾಗಿಲ ಕಡೆ ನೋಡಿದರು.

ಬಾಗಿಲ ಕಡೆ ನೋಡಿದ್ದು ಟ್ರಾಫಿಕ್ ಇನ್ಸ್‌ಪೆಕ್ಟರ್ ಅಪ್ಪಾಜಪ್ಪನವರಿಗಾಗಿ. ಲೈನಿನವರೆಲ್ಲ ಅವರನ್ನು ಟಿ.ಐ. ಸಾಹೇಬರೆನ್ನುತ್ತಾರೆ. ಬಂಡಪಲ್ಲಿ ಉಳಿಯಬೇಕೋ ಮುಚ್ಚಬೇಕೋ ಎಂದು ರಿಪೋರ್ಟ್ ಕೊಡುವುದು ಅವರ ಪಾಲಿಗೆ ಬಂದಿತ್ತು. ಸ್ಟೇಷನ್ ಕಟ್ಟಿದ್ದು ಯಾವ ವರ್ಷ, ದಿನಕ್ಕೆ ಎಷ್ಟು ಜನ ಹತ್ತುತ್ತಾರೆ, ಕುಡಿಯುವ ನೀರಿದೆಯೆ, ಹೆಂಗಸರ ಕೋಣೆಗೆ ಚಿಲಕವಿದೆಯೆ, ಮಾವಿನ ಕಾಲ ಬಿಟ್ಟರೆ ಪಾರ್ಸಲ್ ಏನಾದರೂ ಉಂಟೆ ಎಂದು ನಿನ್ನೆಯಿಂದ ಬರೆದುಕೊಳ್ಳುತ್ತಿದ್ದರು. ಹಳ್ಳಿಯವರನ್ನು ವಿಚಾರಿಸಿ ಬರುತ್ತೇನೆಂದು ಊಟವಾದ ಮೇಲೆ ಸ್ಕೂಟರ್ ಹತ್ತಿ ಯಲ್ದೂರಿಗೆ ಹೋಗಿದ್ದರು.

ಒಳ್ಳೆಯ ಮಾತಿನ ಮನುಷ್ಯ. ಎರಡು ತಿಂಗಳಾದ ಮೇಲೆ ಇಲ್ಲಿ ಕಾಲಿಟ್ಟೆ, ಇಂಥ ಸುದ್ದಿಗೆ ಇಡಬೇಕಾಯಿತಲ್ಲ ಎಂದು ನಿನ್ನೆ ಕಣ್ಣು ಒರೆಸಿಕೊಂಡಿದ್ದರು. ಗಡಿಯಾರದ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದವರೂ ಅವರೇ.

"ಸಾಹೇಬ್ರು ಇಲ್ಲ," ಎಂದೆ. "ಹೇಳಿ."

ಕೃಷ್ಣಮೂರ್ತಿಗಳು ಹೇಳಿದರು. ಒಬ್ಬರೇ ಸೀತಾರಾಮಯ್ಯನಲ್ಲ, ಈ ಚಿಕ್ಕ ರೈಲಿನ ಲೈನಿನಲ್ಲಿ ಎಲ್ಲರೂ ಹೀಗೆಯೇ ಮಾಡುವುದು. ಬೆಳಗ್ಗೆ ಬಿಡುವಾದಾಗ ಎರಡು ಮೂರು ದಿನದ್ದು ಒಟ್ಟಿಗೆ ಬರೆದಿಡುತ್ತಾರೆ. ಒಂದು ದಿನ ಸರಿಯಿತ್ತು, ಒಂದು ದಿನ ಹಿಂದಿತ್ತು; ದಿನವೂ ಒಂದೇ ಥರ ಬರೆದರೆ ಯಾರಿಗಾದರೂ ಅನುಮಾನ ಬಂದೀತು. ಟಿಕೆಟ್ ಕೊಡುವುದು, ಲಗೇಜು ತೂಗುವುದು, ಬಾವುಟ ತೋರಿಸುವುದು, ಗರ್ಭಿಣಿಯನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ಯುವವರಿಗೆ ಗಾಡಿ ಎರಡು ನಿಮಿಷ ತಡೆಯುವುದು, ಎಲ್ಲಕ್ಕೂ ಒಂದೇ ಜೀವ.

"ಗಾಡಿನೇ ಮುಕ್ಕಾಲು ಗಂಟೆ ಲೇಟ್ ಬರೋ ಲೈನಲ್ಲಿ ಗಡಿಯಾರ ಒಂದು ನಿಮಿಷ ಹಿಂದಿದ್ರೆ ಯಾರಿಗೇನು ಹೇಳಿ ಸಾರ್," ಎಂದರು. "ಎದುರಿಗೆ ಸಾಹೇಬ್ರು ಕೂತಿದ್ರೆ ಸ್ಟೂಲ್ ಹತ್ತುತೀವಿ. ಇಲ್ದಿದ್ರೆ ಇಲ್ಲ."

ನನಗೆ ಸಿಟ್ಟು ಬರಲಿಲ್ಲ. ನಾನೂ ಠಾಣೆಯ ಡೈರಿಯಲ್ಲಿ ಹೋಗದ ಬೀಟಿಗೆ ಹೋಗಿ ಬಂದೆನೆಂದು ಬರೆದವನೇ. ಅರವತ್ತು ವರ್ಷದ ಕಲ್ಲಿನ ಸ್ಟೇಷನ್ನು, ಮಹಾರಾಜರ ಕಾಲದ ಗಡಿಯಾರ, ಆ ಕಾಲದ ನಿಯಮ. ಮೊದಲು ನಾಲ್ಕು ಜನ ಮಾಡುತ್ತಿದ್ದ ಕೆಲಸಕ್ಕೆ ಈಗ ಇಬ್ಬರು. ಬಾಕಿ ಉಳಿದದ್ದನ್ನೆಲ್ಲ ಪೆನ್ನು ಮಾಡುತ್ತದೆ.

ಆದರೆ ಆ ಪೆನ್ನು ಈಗ ಒಬ್ಬನ ಕೊರಳಿಗೆ ಬಂದಿತ್ತು. ಐದೂ ನಲವತ್ತರ ಗಾಡಿಗೆ ಮುನಿಯಲ್ಲಪ್ಪನನ್ನು ಹತ್ತಿಸಬೇಕು, ನಾಳೆ ಹನ್ನೊಂದಕ್ಕೆ ಕೋಲಾರದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆ ಸಾಲು ಮೊದಲೇ ಬರೆದಿಟ್ಟದ್ದು ಎಂದಾದರೆ ಮಾಸ್ತರು ಮೂರೂಕಾಲಿಗೇ ಸತ್ತಿರಬಹುದು, ಮೂರೂವರೆಗೆ ಸತ್ತಿರಬಹುದು. ಆಗ ಮುನಿಯಲ್ಲಪ್ಪ ಎಂಟು ಜನರೆದುರು ಬುಟ್ಟಿ ಎತ್ತಿಕೊಡುತ್ತಿದ್ದ. ಕೇಸು ನಿಲ್ಲುವುದಿಲ್ಲ.

ಇಷ್ಟನ್ನೂ ಬರೆದು ಸಹಿ ಹಾಕಿಕೊಡಿ ಎಂದು ಮಾಸ್ತರನ್ನು ಕೇಳಿದೆ.

"ಪುಟಾನೇ ಇದೆಯಲ್ಲ ಸಾರ್. ತೋರಿಸಿ."

ಪುಟ ಸಾಲದು ಎಂದೆ. ಸತ್ತವನು ಮಸಿ ಹೆಚ್ಚಾಗಿ ಮುಂದಿನ ತಿಂಗಳದ್ದೂ ಗೀಚಿದ, ಮೂವತ್ತೊಂದನೆಯದು ಮಾತ್ರ ನಾಲ್ಕು ಗಂಟೆಗೇ ಬರೆದ ಎಂದು ಸರ್ಕಾರಿ ವಕೀಲರು ಒಂದೇ ಮಾತಿನಲ್ಲಿ ತಳ್ಳಿಬಿಡುತ್ತಾರೆ. ಇದು ಈ ಲೈನಿನ ವಾಡಿಕೆ ಎಂದು ಲೈನಿನ ಮನುಷ್ಯನೊಬ್ಬ ಹೇಳಬೇಕು.

ಅವರು ಕಿವಿಯ ಹತ್ತಿಯನ್ನು ಒಳಕ್ಕೆ ಒತ್ತಿಕೊಂಡರು. ಆಮೇಲೆ ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ತನ್ನ ಮೇಲೆ ದೂರಿನ ಒಂದು ಚೀಟಿಯೂ ಬಂದಿಲ್ಲವೆಂದರು. ಬರೆದುಕೊಟ್ಟರೆ ಕಾಗದ ಟಿ.ಐ. ಕೈಗೆ ಹೋಗುತ್ತದೆ, ಮಾಸ್ತರುಗಳೇ ಸುಳ್ಳು ಬರೆಯುವ ಲೈನು ಎಂದು ಅವರು ರಿಪೋರ್ಟಿನಲ್ಲಿ ಸೇರಿಸುತ್ತಾರೆ. ತನ್ನ ಕೆಲಸವೂ ಹೋಯಿತು, ಲೈನೂ ಹೋಯಿತು. ಅವರು ಇದನ್ನೆಲ್ಲ ಜೋರು ಮಾಡದೆ, ಬಾಗಿಲಿನ ಚೌಕಟ್ಟಿಗೆ ಹೇಳುವ ಹಾಗೆ ಹೇಳಿದರು. ಒಂದು ಮಾತೂ ಸುಳ್ಳಿರಲಿಲ್ಲ.

"ನನಗೂ ಮನೆ ಇದೆ ಕೋದಂಡರಾಮಪ್ಪನವರೇ. ಅವನಿಗೊಬ್ಬನಿಗೇ ಅಲ್ಲ."

"ಅವನಿಗೆ ಹೋಗ್ತಿರೋದು ಕೆಲಸ ಅಲ್ಲ ಮಾಸ್ಟ್ರೇ," ಎಂದೆ.

ಆ ಹೊತ್ತಿಗೆ ದೊಡ್ಡವೆಂಕಟಮ್ಮ ಒಳಗೆ ಬಂದಳು. ಮುನಿಯಲ್ಲಪ್ಪನ ಹೆಂಡತಿ. ಗಾಡಿ ಬರುವ ಹೊತ್ತಿಗೆ ಸ್ಟೇಷನ್ನಿಗೆ ಬಂದು ಪ್ರಯಾಣಿಕರಿಗೆ ನೀರು ಕೊಡುವ ಕೆಲಸ ಅವಳದು. ಗಂಡನನ್ನು ಪ್ರಯಾಣಿಕರು ಕಾಯುವ ಮುಸಾಫಿರ್‌ಖಾನೆಯ ಬೆಂಚಿಗೆ ಕೋಳ ಹಾಕಿ ಕೂರಿಸಿದ್ದೆವು. ಆ ಗೋಡೆಗೇ ಒರಗಿ ಎರಡು ದಿನದಿಂದ ಕೂತಿದ್ದವಳು ಐದೂ ನಲವತ್ತರ ಗಾಡಿ ಹತ್ತಿರವಾಯಿತೆಂದು ಎದ್ದು ಬಾವಿಯಿಂದ ನೀರು ಸೇದಿ ತಂದಿದ್ದಳು. ನಮ್ಮಿಬ್ಬರ ಕಡೆ ನೋಡದೆ ಮೂಲೆಯ ಮಡಕೆ ತುಂಬಿಸಿದಳು. ಮಾಸ್ತರ ಮೇಜಿನ ಮೇಲಿದ್ದ ಲೋಟ ತೊಳೆದು, ಅದಕ್ಕೂ ನೀರು ಹಾಕಿಟ್ಟಳು.

"ಹೊಸ ಮಾಸ್ಟ್ರು ಆವಾಗಿಂದ ಬಾಯಾರ್ಕೊಂಡವ್ರೆ," ಎಂದು ಗೋಡೆಗೆ ಹೇಳಿ ಹೊರಗೆ ಹೋದಳು.

ಕೃಷ್ಣಮೂರ್ತಿಗಳು ಲೋಟ ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಡ್ರಾಯರಿನಿಂದ ಬಿಳಿ ಹಾಳೆ ತೆಗೆದರು. ಎರಡು ಪೆನ್ನಿನಲ್ಲಿ ಯಾವುದು ಎಂದು ಯೋಚಿಸಿ, ಒಳ್ಳೆಯದನ್ನು ತೆಗೆದುಕೊಂಡರು. ಬರೆಯಲು ಕಾಲು ಗಂಟೆ ಹಿಡಿಯಿತು. ತಾನೂ ಎರ್ರಕುಂಟೆಯಲ್ಲಿ ಇಪ್ಪತ್ತು ವರ್ಷದಿಂದ ಹೀಗೆಯೇ ಬರೆದಿರುವುದಾಗಿ ಸ್ಪಷ್ಟವಾಗಿ ಬರೆದು, ಅಕ್ಷರ ಒದ್ದೆಯಿರುವಾಗಲೇ ನನ್ನ ಕಡೆ ತಳ್ಳಿದರು.

ಅವರಿಗೆ ಕೈಮುಗಿಯಬೇಕೆನ್ನಿಸಿತು. ಮುಗಿಯಲಿಲ್ಲ, ಕಾಗದ ಮಡಿಸಿ ಎಡಗಡೆ ಜೇಬಿಗಿಟ್ಟುಕೊಂಡೆ. ಸರಿಯಾಗಿ ಆಗಬೇಕಾದ ಕೆಲಸ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಿಯೇ ಆಗಬೇಕೆನ್ನುವುದು ನನಗೆ ಸಾಕಾಗಿಹೋಗಿದೆ.

ಮುಸಾಫಿರ್‌ಖಾನೆಯ ಬಾಗಿಲಲ್ಲಿದ್ದ ಕಾನ್‌ಸ್ಟೇಬಲನನ್ನು ಟೀ ತರಲು ಗೇಟಿನ ಬಳಿಗೆ ಕಳಿಸಿ ಒಳಗೆ ಹೋದೆ. ಸುಣ್ಣ ಉದುರಿದ ಕೋಣೆ, ಒಂದು ಉದ್ದ ಬೆಂಚು, ಗೋಡೆಗೆ ಹರಿದ ಟೈಮ್‌ಟೇಬಲ್ಲು. ಮುನಿಯಲ್ಲಪ್ಪ ಏಳಲು ಹೋದ. ಕೋಳ ಎಳೆದು ಕೂರಿಸಿತು. ಐವತ್ತರ ಮನುಷ್ಯ. ಎಣ್ಣೆ ಮಸಿ ಅವನ ಉಗುರಿನಿಂದ ಈ ಜನ್ಮದಲ್ಲಿ ಹೋಗುವುದಿಲ್ಲ.

ಪಕ್ಕದಲ್ಲಿ ಕೂತು, ಸಮಾಧಾನವಾಗಿ ಎಲ್ಲ ತಿಳಿಸಿದೆ. ಮಾಸ್ತರು ಮೊದಲೇ ಬರೆದಿಡುತ್ತಿದ್ದರೆಂದು ಸಾಬೀತಾಗಿದೆ, ಆವತ್ತೂ ಅವರು ನಾಲ್ಕು ಗಂಟೆಯ ಟೈಮ್ ತೆಗೆದುಕೊಂಡಿರಲಿಕ್ಕಿಲ್ಲ, ನಾಳೆ ಜಾಮೀನು ಖಂಡಿತ ಸಿಗುತ್ತದೆ, ಕೇಸೂ ಉಳಿಯುವುದಿಲ್ಲ ಎಂದೆ. ಅವನು ಅಳುತ್ತಾನೆ, ಕಾಲಿಗೆ ಬೀಳುತ್ತಾನೆ ಎಂದುಕೊಂಡಿದ್ದೆ. ಅವನು ನೆಲ ನೋಡುತ್ತ ಕೂತ.

"ಹಂಗಂತ ಬರೀಬ್ಯಾಡಿ ಸಾಮಿ," ಎಂದ.

ಅರ್ಥವಾಗಲಿಲ್ಲ.

"ಬೇರೆ ದಿನದ ಮಾತು ನಂಗೊತ್ತಿಲ್ಲ. ನಂಗೆ ಓದೋಕ್ಕೆ ಬರಲ್ಲ. ಆವತ್ತು ಮಾತ್ರ ಮಾಸ್ಟ್ರು ಸ್ಟೂಲ್ ಹತ್ತಿ ಮುಳ್ಳು ತಿರುಗಿಸಿದ್ರು. ಸ್ಟೂಲಿಗೆ ಒಂದು ಕಾಲು ಗಿಡ್ಡ, ಅಲ್ಲಾಡ್ತದೆ. ನಾನೇ ಹಿಡ್ಕೊಂಡಿದ್ದೆ."

ಮೊಣಕಾಲಿನ ನೋವು ಮರೆತು ನಾನು ಎದ್ದುನಿಂತೆ. ನೀನು ಏನು ಹೇಳುತ್ತಿದ್ದೀಯೆಂದು ಗೊತ್ತಾ, ನಾಲ್ಕು ಗಂಟೆಗೆ ಅವರು ಬದುಕಿದ್ದರು ಅಂದರೆ ನಾಳೆ ನಿನ್ನನ್ನು ಬಿಡಿಸುವವರು ಯಾರೂ ಇಲ್ಲ ಎಂದು ಗದರಿಸಿದೆ. ನಿನ್ನ ಮೇಲೆ ಬರೆದು ಕಳಿಸಿದ ಮಾಸ್ತರಿಗಾಗಿ ಇಷ್ಟೇಕೆ ಎಂದೂ ಕೇಳಿಬಿಟ್ಟೆ. ಕೇಳಬಾರದಿತ್ತು.

"ನಿದ್ದೆ ಮಾಡಿದ್ದು ನಿಜ. ಬರೆದ್ರು." ಆಮೇಲೆ ಅವನ ಮಾತು ತನ್ನಷ್ಟಕ್ಕೆ ಮನೆಯ ತೆಲುಗಿಗೆ ಹೊರಳಿತು. "ಅಬದ್ಧಂ ಚೆಪ್ಪಲೇನು ಸಾಮೀ. ಸುಳ್ಳು ಹೇಳೋಕ್ಕೆ ಆಗಲ್ಲ. ಸತ್ತೋರು ಮಾಡಿದ್ದನ್ನ ಮಾಡ್ಲಿಲ್ಲ ಅನ್ನೋದು ಹೆಂಗೆ?"

ನಾನು ಮತ್ತೆ ಕೂತೆ. ಕೃಷ್ಣಮೂರ್ತಿಗಳ ಮಾತು ನೆನಪಾಯಿತು. ಮೂರು ದಿನದ್ದು ಒಟ್ಟಿಗೆ ಬರೆದಿಟ್ಟವರು ಆವತ್ತೊಂದು ದಿನ ಯಾಕೆ ಸ್ಟೂಲ್ ಹತ್ತಿದರು? ಎದುರಿಗೆ ಯಾರಾದರೂ ಕೂತಿದ್ದರೆ ತಾನೆ ಹತ್ತುವುದು.

"ಮುನಿಯಲ್ಲಪ್ಪ, ಆ ಹೊತ್ತಲ್ಲಿ ಅಲ್ಲಿ ಇನ್ಯಾರಿದ್ರು?"

"ಟಿ.ಐ. ಸಾಹೇಬ್ರು," ಎಂದ, ಅದರಲ್ಲೇನಿದೆ ಎನ್ನುವ ಹಾಗೆ. "ಮಾವಿನ ಎತ್ತಿನಗಾಡಿಯೋರು ಹೋದ ತಕ್ಷಣ ಸ್ಕೂಟರಲ್ಲಿ ಬಂದ್ರು. ಮಾಸ್ಟ್ರ ಹತ್ರ ಏನೋ ರಿಪೋರ್ಟ್ ಮಾತು ಜೋರಾಗಿತ್ತು. ಟೈಮ್ ಆದ್ಮೇಲೆ ಸಾಹೇಬ್ರು ನನ್ನನ್ನ, ಹೊರಗಿನ ಸಿಗ್ನಲ್ ದೀಪಕ್ಕೆ ಎಣ್ಣೆ ಹಾಕ್ಬಾ ಅಂತ ಕಳಿಸಿದ್ರು. ಅರ್ಧ ಮೈಲಿ. ಬರೋವಾಗ ಸ್ಕೂಟರ್ ಇರ್ಲಿಲ್ಲ. ಮಾಸ್ಟ್ರೂ ಕುರ್ಚೀಲಿ ಇರ್ಲಿಲ್ಲ. ಕಾಫಿಗೆ ಮನೆಗೋಗವ್ರೆ ಅಂದ್ಕೊಂಡೆ."

ಎರಡು ದಿನ ನಾನು ಇವನನ್ನು ಹಿಂದೆ ಮುಂದೆ ಉರುಳಿಸಿ ಪ್ರಶ್ನೆ ಹಾಕಿದ್ದೆ. ಇದನ್ನೇಕೆ ಹೇಳಲಿಲ್ಲ ಎಂದು ಕೇಳಿದೆ.

"ಹೊರಗಿನೋರು ಯಾರಾದ್ರೂ ಬಂದಿದ್ರಾ ಅಂತ ಕೇಳಿದ್ರಿ. ಸಾಹೇಬ್ರು ಹೊರಗಿನೋರಾ ಸಾಮಿ? ನಮ್ಮ ಇಲಾಖೆಯೋರು." ಅವನು ಕೋಳವನ್ನು ಮಣಿಕಟ್ಟಿನಲ್ಲಿ ಸರಿಮಾಡಿಕೊಂಡ. "ನಿನ್ನೆ ಬಂದು, ನಾನು ಬಂದಿದ್ದು ಗುಟ್ಟಿನ ತಪಾಸಣೆ, ಯಾರಿಗೂ ಹೇಳ್ಬ್ಯಾಡ, ನಿನ್ನ ನಾನು ಬಿಡಿಸ್ತೀನಿ ಅಂದ್ರು. ಈಗ ಮಾಸ್ಟ್ರ ಮೇಲೆ ಸುಳ್ಳು ಬರ್ತದೆ ಅಂದ್ರಿ ನೋಡಿ, ಅದಕ್ಕೆ ಹೇಳ್ದೆ."

ಅವನಿಗೆ ಯಾರ ಮೇಲೂ ಅನುಮಾನವಿರಲಿಲ್ಲ. ಅದು ನನಗೆ ಬಹಳ ಸಂಕಟ ಕೊಟ್ಟಿತು. ಎರಡು ತಿಂಗಳಾದ ಮೇಲೆ ಇಲ್ಲಿ ಕಾಲಿಟ್ಟೆ ಎಂದು ಸಾಹೇಬರು ನಿನ್ನೆ ನನ್ನೆದುರು ಕಣ್ಣು ಒರೆಸಿಕೊಂಡಿದ್ದರು.

ಜೇಬಿನಲ್ಲಿದ್ದ ಕಾಗದ ನಾಳೆ ಇವನನ್ನು ಮನೆಗೆ ಕಳಿಸುತ್ತದೆ. ಜೊತೆಗೇ, ನಾಲ್ಕು ಗಂಟೆಗೆ ಇಲ್ಲಿ ಏನೂ ನಡೆಯಲಿಲ್ಲವೆಂದು ಹೇಳಿ ಅಪ್ಪಾಜಪ್ಪನವರನ್ನೂ ಉಳಿಸುತ್ತದೆ. ಅದನ್ನು ಹರಿದು ಇವನ ಹೇಳಿಕೆ ಬರೆದುಕೊಂಡರೆ ಒಬ್ಬ ಸಾಹೇಬರ ವಿರುದ್ಧ ಕೋಳ ತೊಟ್ಟ ಪಾಯಿಂಟ್ಸ್‌ಮನ್ನನ ಮಾತು. ಯಾರು ನಂಬುತ್ತಾರೆ? ನಿನ್ನೆಯಾಗಿದ್ದರೆ ನಾನೂ ನಂಬುತ್ತಿರಲಿಲ್ಲ. ಎರಡೂ ಕಾಗದ ಒಂದೇ ಫೈಲಿನಲ್ಲಿ ಇರಲಾರವು.

ಈ ಮಾತು ಸದ್ಯಕ್ಕೆ ನಮ್ಮಿಬ್ಬರಲ್ಲೇ ಇರಲಿ, ಗಾಡಿ ಹತ್ತುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಹೇಳಲು ನಾನು ಅವನ ಕಡೆ ತಿರುಗಿದೆ. ಹೊರಗೆ ಸ್ಕೂಟರ್ ಬಂದು ನಿಂತಿತು. ಕಾನ್‌ಸ್ಟೇಬಲ್ ಇನ್ನೂ ಟೀ ತಂದಿರಲಿಲ್ಲ.

ಅಪ್ಪಾಜಪ್ಪನವರು ಬಾಗಿಲಲ್ಲಿ ಕಾಣಿಸಿಕೊಂಡರು. ಷರಟಿನ ಮೇಲೆಲ್ಲ ಕೆಮ್ಮಣ್ಣಿನ ಧೂಳು, ಕಂಕುಳಲ್ಲಿ ರಿಪೋರ್ಟಿನ ಫೈಲು. ಗೇಟಿನ ಹತ್ತಿರ ನಿಮ್ಮ ಪೇದೆ ಹೇಳಿದ, ಕೃಷ್ಣಮೂರ್ತಿ ಏನೋ ಬರೆದುಕೊಟ್ಟರಂತಲ್ಲ, ಒಳ್ಳೆಯದಾಯಿತು, ಕೊಡಿ ಓದುತ್ತೇನೆ ಎಂದು ಕೈ ಚಾಚಿದರು. ಮುಖದಲ್ಲಿ ನಿಜವಾದ ನೆಮ್ಮದಿಯಿತ್ತು.

ಮುನಿಯಲ್ಲಪ್ಪನ ಮುಖವೂ ಬೆಳಗಿತು. ಎರಡು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು.

"ಸಾಹೇಬ್ರೇ ಬಂದ್ರಲ್ಲ ಸಾಮಿ, ಇನ್ನು ಯೋಚ್ನೆ ಯಾಕೆ," ಎಂದ. "ಅವರನ್ನೇ ಕೇಳಿ. ಮಾಸ್ಟ್ರು ಟೈಮ್ ತಗೊಂಡಾಗ ನಾನು ಸ್ಟೂಲ್ ಹಿಡ್ಕೊಂಡಿದ್ದೆ, ಅವರು ಕುರ್ಚೀಲಿ ಕೂತು ನೋಡ್ತಿದ್ರು."

ಅಪ್ಪಾಜಪ್ಪನವರು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. ಒಳಗೆ ಬಂದು, ಬೆನ್ನ ಹಿಂದೆ ಬಾಗಿಲು ಮುಚ್ಚಿ, ಅಗುಳಿ ಹಾಕಿದರು.